ಹೊಸ ಆಕ್ಸಿಜನ್ ಸೆನ್ಸರ್ ಹಾಕಿದರೂ ಹೀಟರ್ ಕೋಡ್ ಹೋಗದಿದ್ದರೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. 2017ರ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರ್, 84,000 ಕಿ.ಮೀ. ಓಡಿದೆ. ಮಳೆ ಹಿಡಿದ ಮೇಲೆ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ಪಿ0135, ಆಕ್ಸಿಜನ್ ಸೆನ್ಸರ್ ಹೀಟರ್ ಸರ್ಕ್ಯೂಟ್ ಎಂದು ಬಂತು. ಹೊಸ ಸೆನ್ಸರ್ ಹಾಕಿ, ಲೈಟ್ ಆರಿಸಿ ಕೊಟ್ಟರು. ಮೂರನೇ ದಿನ ಮತ್ತೆ ಅದೇ ಲೈಟ್, ಅದೇ ಕೋಡ್. ಈಗ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೋಗಿರಬೇಕು, ಬದಲಾಯಿಸಬೇಕು ಅನ್ನುತ್ತಿದ್ದಾರೆ. ಗಾಡಿಯ ಓಟದಲ್ಲಿ ವ್ಯತ್ಯಾಸ ಗೊತ್ತಾಗುತ್ತಿಲ್ಲ, ಮೈಲೇಜ್ ಮಾತ್ರ ಸ್ವಲ್ಪ ಇಳಿದಿದೆ. ಹಳೆಯ ಸೆನ್ಸರ್ ಕೇಳಿ ತಂದಿಟ್ಟುಕೊಂಡಿದ್ದೇನೆ, ಮನೆಯಲ್ಲಿ ಮಲ್ಟಿಮೀಟರ್ ಇದೆ. ಇಸಿಎಂಗೆ ದುಡ್ಡು ಸುರಿಯುವ ಮೊದಲು ನಾನೇ ಏನಾದರೂ ನೋಡಬಹುದೇ? ಅಲ್ಲಿಯವರೆಗೆ ಗಾಡಿ ಓಡಿಸಬಹುದೇ?

ಉತ್ತರ: ಇಸಿಎಂ ಬದಲಾಯಿಸಲು ಈಗಲೇ ಒಪ್ಪಬೇಡಿ. ನೀವು ಬರೆದಿರುವುದರಲ್ಲಿ ಅದು ಕೆಟ್ಟಿದೆ ಎನ್ನಲು ಒಂದು ಆಧಾರವೂ ಇಲ್ಲ. ಸೆನ್ಸರ್ ಬದಲಾಯಿಸಿದರೂ ಕೋಡ್ ಬಂತು, ಆದ್ದರಿಂದ ಉಳಿದದ್ದು ಇಸಿಎಂ ಎಂಬ ಲೆಕ್ಕವೇ ತಪ್ಪು. ಇವೆರಡರ ನಡುವೆ ಒಂದು ಫ್ಯೂಸ್, ಒಂದು ರಿಲೇ (ಕರೆಂಟಿನಿಂದ ಆಡುವ ಸ್ವಿಚ್), ವೈರುಗಳನ್ನು ಜೋಡಿಸುವ ಒಂದೆರಡು ಕಪ್ಲರ್, ಮಾರುಗಟ್ಟಲೆ ವೈರು ಇವೆ. ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಯಲ್ಲಿ ಮೊದಲು ಕೈಕೊಡುವುದು ಇವೇ. ಎಂಜಿನ್ನಿನ ಬೇರೆ ಎಷ್ಟೋ ದೋಷಗಳಲ್ಲಿ ಅನುಭವದ ಮೇಲೆ ಊಹಿಸಬೇಕಾಗುತ್ತದೆ. ಹೀಟರ್ ದೋಷ ಹಾಗಲ್ಲ. ಒಂದು ಮಲ್ಟಿಮೀಟರ್, ಒಂದು ಬಲ್ಬು ಇದ್ದರೆ ತಪ್ಪು ಎಲ್ಲಿದೆ ಎಂಬುದನ್ನು ಯಾವ ಸಾಮಾನನ್ನೂ ಕೊಳ್ಳದೆಯೇ ಸಾಬೀತು ಮಾಡಬಹುದು.

ಗಾಡಿ ಓಡಿಸಬಹುದೇ ಎಂಬುದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಲೈಟ್ ಸ್ಥಿರವಾಗಿ ಉರಿಯುತ್ತಿದ್ದರೆ ಓಡಿಸಿ. ಮಿಟುಕುತ್ತಿದ್ದರೆ ಅದು ಮಿಸ್‌ಫೈರ್‌ನ, ಅಂದರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದರ ಎಚ್ಚರಿಕೆ, ಆಗ ನಿಲ್ಲಿಸಲೇಬೇಕು. ಹೀಟರ್ ಕೆಲಸ ಮಾಡದ ಗಾಡಿ ದಾರಿಯಲ್ಲಿ ಕೈಬಿಡುವುದಿಲ್ಲ, ಆದರೆ ಪ್ರತಿದಿನ ಸ್ವಲ್ಪ ಸ್ವಲ್ಪ ಪೆಟ್ರೋಲ್ ತಿನ್ನುತ್ತದೆ. ಮನೆಯಿಂದ ಪೇಟೆಗೆ ನಾಲ್ಕೈದು ಕಿ.ಮೀ. ಹೋಗಿ, ನಿಲ್ಲಿಸಿ, ತಣ್ಣಗಾದ ಮೇಲೆ ಮತ್ತೆ ಹೊರಡುವ ಗಾಡಿಗೆ ಈ ನಷ್ಟ ಜಾಸ್ತಿ. ಹೆದ್ದಾರಿಯಲ್ಲೇ ಓಡುವ ಗಾಡಿಗೆ ಕಡಿಮೆ. ಕಾರಣ ಸೆನ್ಸರ್‌ನ ಕೆಲಸದಲ್ಲೇ ಇದೆ.

ಆಕ್ಸಿಜನ್ ಸೆನ್ಸರ್‌ನ ಒಳಗಿರುವುದು ಜಿರ್ಕೋನಿಯಾ ಎಂಬ ಸೆರಾಮಿಕ್ ತುಂಡು. ಅದರ ಒಂದು ಬದಿಗೆ ಹೊರಗಿನ ಗಾಳಿ ತಾಗುತ್ತದೆ, ಇನ್ನೊಂದು ಬದಿಗೆ ಎಂಜಿನ್ನಿನ ಹೊಗೆ. ಎರಡೂ ಕಡೆಯ ಆಮ್ಲಜನಕದ ಪ್ರಮಾಣದಲ್ಲಿ ವ್ಯತ್ಯಾಸ ಇದ್ದಷ್ಟೂ ಅದು ವೋಲ್ಟೇಜ್ ಹುಟ್ಟಿಸುತ್ತದೆ. ಪೆಟ್ರೋಲ್ ಹೆಚ್ಚಾದರೆ 0.9 ವೋಲ್ಟ್ ಹತ್ತಿರ, ಗಾಳಿ ಹೆಚ್ಚಾದರೆ 0.1 ವೋಲ್ಟ್ ಹತ್ತಿರ. ಇಸಿಎಂ ಈ ಏರಿಳಿತ ನೋಡಿಕೊಂಡು ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಎಂದು ತೀರ್ಮಾನಿಸುತ್ತದೆ. ಆದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಈ ಸೆರಾಮಿಕ್ ಏನನ್ನೂ ಹೇಳುವುದಿಲ್ಲ. 1976ರಲ್ಲಿ ವೋಲ್ವೋ ಕಾರುಗಳಲ್ಲಿ ಬಾಷ್ ಕಂಪನಿ ಮೊದಲ ಸಲ ಈ ಸೆನ್ಸರ್ ತಂದಾಗ ಅದಕ್ಕೆ ಹೀಟರ್ ಇರಲಿಲ್ಲ, ಹೊಗೆಯ ಬಿಸಿಗೇ ಕಾಯಬೇಕಿತ್ತು. 1982ರ ಹೊತ್ತಿಗೆ ಹೀಟರ್ ಇರುವ ಸೆನ್ಸರ್ ಬಂತು. ಸೆರಾಮಿಕ್ ಜೊತೆಗೇ ಕೂರಿಸಿದ ಒಂದು ಸಣ್ಣ ಕಾಯಿಲು, ಕೀ ತಿರುಗಿಸಿದ ಅರ್ಧ ನಿಮಿಷದ ಆಸುಪಾಸಿನಲ್ಲಿ ಸೆನ್ಸರನ್ನು ಕೆಲಸಕ್ಕೆ ಎಬ್ಬಿಸುತ್ತದೆ. ಅದು ಕೆಟ್ಟರೆ ಸೆನ್ಸರ್ ಹೊಗೆಯಿಂದಲೇ ಬಿಸಿಯಾಗಬೇಕು. ಅಲ್ಲಿಯವರೆಗೆ ಇಸಿಎಂ ತನ್ನ ನೆನಪಿನ ಲೆಕ್ಕದಲ್ಲಿ, ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ಪೆಟ್ರೋಲ್ ಕೊಡುತ್ತಾ ಇರುತ್ತದೆ. ಟ್ರಾಫಿಕ್‌ನಲ್ಲಿ ಬಹಳ ಹೊತ್ತು ಐಡ್ಲಿಂಗ್‌ನಲ್ಲಿ ನಿಂತರೆ ಸೆನ್ಸರ್ ಮತ್ತೆ ತಣ್ಣಗಾಗಿ ಮಾತು ನಿಲ್ಲಿಸುವುದೂ ಉಂಟು. ನಿಮ್ಮ ಮೈಲೇಜ್ ಇಳಿದದ್ದಕ್ಕೆ ಇಷ್ಟೇ ಕಾರಣ ಸಾಕು.

ಎಲ್ಲದಕ್ಕೂ ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು ದೂರುವುದು ಈಗ ರೂಢಿಯಾಗಿದೆ. ಎಥನಾಲ್ ಬೆರೆತಾಗ ಮೈಲೇಜ್ ಸ್ವಲ್ಪ ಇಳಿಯುವುದು ನಿಜ. ಆದರೆ ಪಿ0135 ಶುದ್ಧ ವಿದ್ಯುತ್ ದೋಷ. ಯಾವ ಬಂಕಿನಲ್ಲಿ ಹಾಕಿಸಿದಿರಿ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಸರ್ಕ್ಯೂಟ್. ಬಹುತೇಕ ಕಾರುಗಳಲ್ಲಿ ಹೀಟರ್‌ನ ಒಂದು ತುದಿಗೆ ಮೇನ್ ರಿಲೇ ಮತ್ತು ಫ್ಯೂಸ್ ಮೂಲಕ ನೇರವಾಗಿ ಬ್ಯಾಟರಿಯ 12 ವೋಲ್ಟ್ ಬರುತ್ತದೆ. ಇನ್ನೊಂದು ತುದಿ ಇಸಿಎಂಗೆ ಹೋಗುತ್ತದೆ. ಇಸಿಎಂ ಒಳಗಿನ ಒಂದು ಟ್ರಾನ್ಸಿಸ್ಟರ್ ಆ ತುದಿಯನ್ನು ಅರ್ತ್‌ಗೆ ತಾಗಿಸಿದಾಗ ಕರೆಂಟ್ ಹರಿಯುತ್ತದೆ, ಬಿಟ್ಟಾಗ ನಿಲ್ಲುತ್ತದೆ. ಹೀಗೆ ತಾಗಿಸಿ ಬಿಡುತ್ತಾ ಎಷ್ಟು ಬಿಸಿ ಬೇಕೋ ಅಷ್ಟಕ್ಕೆ ಹಿಡಿದಿಡುತ್ತದೆ. ಅಂದರೆ ರಿಲೇ ಹಿಡಿದಿರುವಷ್ಟು ಹೊತ್ತೂ ಪ್ಲಸ್ ಇರುತ್ತದೆ, ಇಸಿಎಂ ಆಡಿಸುವುದು ಅರ್ತನ್ನು. ಇದನ್ನು ತಿಳಿಯದೆ ಹುಡುಕಲು ಹೊರಟರೆ ಸರಿಯಿರುವ ವೈರೂ ಕೆಟ್ಟಂತೆ ಕಾಣುತ್ತದೆ.

ಹೀಟರ್‌ಗೆ ಹರಿಯುವ ಕರೆಂಟ್ ಎಷ್ಟು, ತನ್ನ ಪಿನ್ನಿನಲ್ಲಿ ವೋಲ್ಟೇಜ್ ಎಷ್ಟು ಎಂದು ಇಸಿಎಂ ನೋಡುತ್ತಿರುತ್ತದೆ. ನಿರೀಕ್ಷೆಗೆ ತಕ್ಕಂತೆ ಇಲ್ಲದಿದ್ದರೆ ಕೋಡ್ ಬರೆಯುತ್ತದೆ. ಹಾಗಾಗಿ ಪಿ0135 ಎಂದರೆ ಸೆನ್ಸರ್ ಕೆಟ್ಟಿದೆ ಎಂದಲ್ಲ. ಮೊದಲನೇ ಸೆನ್ಸರ್‌ನ ಹೀಟರ್ ದಾರಿಯಲ್ಲಿ ಎಲ್ಲೋ ಕರೆಂಟ್ ಸರಿಯಾಗಿ ಹರಿಯುತ್ತಿಲ್ಲ, ಅಷ್ಟೇ. ಇದೇ ಗುಂಪಿನ ಪಿ0031 ಬಂದರೆ ಸಾಮಾನ್ಯವಾಗಿ ಸರ್ಕ್ಯೂಟ್ ಕಡಿದಿರುವುದು ಅಥವಾ ಇಸಿಎಂಗೆ ಹೋಗುವ ಕಂಟ್ರೋಲ್ ವೈರು ಬಾಡಿಗೆ ತಾಗಿರುವುದು, ಪಿ0032 ಬಂದರೆ ಶಾರ್ಟ್ ಆಗಿರುವುದು. ಕಂಪನಿಯಿಂದ ಕಂಪನಿಗೆ ಇವುಗಳ ಅರ್ಥ ಸ್ವಲ್ಪ ಬದಲಾಗುತ್ತದೆ, ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಹೇಳುವುದೇ ಅಂತಿಮ. ಎರಡನೇ ಸೆನ್ಸರ್‌ಗೆ ಪಿ0141, ಪಿ0037, ಪಿ0038 ಇವೆ.

ಇಲ್ಲೊಂದು ವಿಷಯ ಈಗಲೇ ಖಚಿತ ಮಾಡಿಕೊಳ್ಳಿ. ನಿಮ್ಮ ಗಾಡಿಯಲ್ಲಿ ಎರಡು ಸೆನ್ಸರ್ ಇರುತ್ತವೆ. ಎಂಜಿನ್ನಿಗೆ ಹತ್ತಿರ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮೊದಲು ಇರುವುದು ಒಂದನೆಯದು. ಕನ್ವರ್ಟರ್ ದಾಟಿದ ಮೇಲೆ ಇರುವುದು ಎರಡನೆಯದು. ಪಿ0135 ಹೇಳುವುದು ಮೊದಲನೆಯದನ್ನು. ಹೊಳೆಯುವ ಹೊಸ ಸೆನ್ಸರ್ ಕಾಣುತ್ತಿರುವುದು ಯಾವ ಜಾಗದಲ್ಲಿ ಎಂದು ಬಗ್ಗಿ ನೋಡಿ. ಗಾಡಿಯನ್ನು ಲಿಫ್ಟ್‌ಗೆ ಏರಿಸಿದಾಗ ಕೈಗೆ ಸುಲಭವಾಗಿ ಸಿಗುವುದು ಹಿಂದಿನದು, ಅದನ್ನೇ ಬಿಚ್ಚಿ ಹಾಕುವ ತಪ್ಪು ಗ್ಯಾರೇಜುಗಳಲ್ಲಿ ಆಗುತ್ತಿರುತ್ತದೆ.

ಮೂರನೇ ದಿನ ಲೈಟ್ ಬಂತು ಎಂದಿದ್ದೀರಿ. ಇದು ತುಂಬ ಉಪಯುಕ್ತ ಮಾಹಿತಿ. ಬಹಳಷ್ಟು ಕಾರುಗಳಲ್ಲಿ ಹೀಟರ್ ದೋಷ ಒಂದು ಓಟದಲ್ಲಿ ಕಂಡರೆ ಇಸಿಎಂ ಅದನ್ನು ಪೆಂಡಿಂಗ್ ಎಂದು ಬರೆದಿಟ್ಟುಕೊಳ್ಳುತ್ತದೆ, ಮುಂದಿನ ಓಟದಲ್ಲೂ ಕಂಡರೆ ಮಾತ್ರ ಲೈಟ್ ಹಾಕುತ್ತದೆ. ಹಾಗಾಗಿ ನಿಮ್ಮ ಗಾಡಿ ಎರಡು ದಿನ ಸರಿಯಿದ್ದು ಮತ್ತೆ ಕೆಟ್ಟಿತು ಎನ್ನುವುದಕ್ಕಿಂತ, ದೋಷ ಹೋಗಿಯೇ ಇರಲಿಲ್ಲ, ಸ್ಕ್ಯಾನರ್ ಲೈಟನ್ನು ಮಾತ್ರ ಆರಿಸಿತ್ತು ಎನ್ನುವುದೇ ಹೆಚ್ಚು ಸಂಭವ. ಮೊಬೈಲ್‌ಗೆ ಜೋಡಿಸುವ ಬ್ಲೂಟೂತ್ ಸ್ಕ್ಯಾನರ್ ಒಂದು ಇಟ್ಟುಕೊಂಡಿದ್ದರೆ ಪೆಂಡಿಂಗ್ ಕೋಡ್ ಮರುದಿನವೇ ಕಾಣುತ್ತಿತ್ತು. ಅದರಲ್ಲೇ ಫ್ರೀಜ್ ಫ್ರೇಮ್ ಎಂಬುದನ್ನೂ ತೆರೆದು ನೋಡಿ. ಕೋಡ್ ಬಿದ್ದ ಕ್ಷಣದಲ್ಲಿ ಕೂಲೆಂಟ್ ಬಿಸಿ ಎಷ್ಟಿತ್ತು, ವೇಗ ಎಷ್ಟಿತ್ತು ಎಂದು ಅಲ್ಲಿರುತ್ತದೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಆದ ಸ್ವಲ್ಪ ಹೊತ್ತಿಗೇ ಬಿದ್ದಿದ್ದರೆ ಸರ್ಕ್ಯೂಟ್ ಪೂರ್ತಿ ಕಡಿದಿರುವ ಸಾಧ್ಯತೆ ಹೆಚ್ಚು. ಪೂರ್ತಿ ಬಿಸಿಯಾಗಿ ಓಡುವಾಗ ಬಿದ್ದಿದ್ದರೆ ಬಿಸಿಗೋ ಅಲುಗಾಟಕ್ಕೋ ಬಿಟ್ಟುಬಿಟ್ಟು ತಾಗುವ ಲೂಸ್ ಕಾಂಟ್ಯಾಕ್ಟ್ ಹುಡುಕಬೇಕು.

ಈಗ ಅಳತೆಗೆ ಬನ್ನಿ. ಮೊದಲು ಹಳೆಯ ಸೆನ್ಸರನ್ನು ಮೇಜಿನ ಮೇಲಿಡಿ. ಅದಕ್ಕೆ ನಾಲ್ಕು ವೈರು ಇರುತ್ತವೆ. ಎರಡು ಒಂದೇ ಬಣ್ಣದವಿದ್ದರೆ ಅವೇ ಹೀಟರ್‌ನವು, ಉಳಿದೆರಡು ಸೆನ್ಸರ್‌ನ ವೋಲ್ಟೇಜ್ ಒಯ್ಯುವ ಸಿಗ್ನಲ್ ವೈರುಗಳು. ಡೆನ್ಸೋ ಸೆನ್ಸರ್‌ಗಳಲ್ಲಿ ಸಾಮಾನ್ಯವಾಗಿ ಎರಡು ಕಪ್ಪು, ಬಾಷ್ ಮತ್ತು ಎನ್‌ಟಿಕೆಯಲ್ಲಿ ಎರಡು ಬಿಳಿ. ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು ಮೊದಲು ಎರಡೂ ಪ್ರೋಬ್ ಒಂದಕ್ಕೊಂದು ತಾಗಿಸಿ. ಅಗ್ಗದ ಮೀಟರ್ ಆದರೆ 0.3ರಿಂದ 0.8 ಓಮ್ ತೋರಿಸಬಹುದು, ಅದನ್ನು ಮುಂದಿನ ಅಳತೆಯಿಂದ ಕಳೆಯಬೇಕು. ನಂತರ ಹೀಟರ್‌ನ ಎರಡು ಪಿನ್ನುಗಳ ನಡುವೆ ಅಳೆಯಿರಿ. ಸೆನ್ಸರ್ ಪೂರ್ತಿ ತಣ್ಣಗಿರಬೇಕು, ಬಿಸಿಯಾದಷ್ಟೂ ಹೀಟರ್‌ನ ಓಮ್ ಏರುತ್ತದೆ. ನಾಲ್ಕು ವೈರಿನ ಸೆನ್ಸರ್‌ಗಳಲ್ಲಿ ಮಾಡೆಲ್‌ಗೆ ತಕ್ಕಂತೆ 3ರಿಂದ 16 ಓಮ್ ಒಳಗೆ ಎಲ್ಲಾದರೂ ಇರುತ್ತದೆ. ಬಾಷ್‌ನ ಒಂದು ಸಾಮಾನ್ಯ ಮಾದರಿಯಲ್ಲಿ ಸುಮಾರು 9, ಡೆನ್ಸೋದ ಹಲವು ಮಾದರಿಗಳಲ್ಲಿ 11ರಿಂದ 16. ಐದು ವೈರಿನ ವೈಡ್‌ಬ್ಯಾಂಡ್ ಸೆನ್ಸರ್ ಆದರೆ 2ರಿಂದ 4 ಓಮ್. ಮೀಟರ್ ಅಳತೆ ಮೀರಿದೆ ಎಂಬ ಗುರುತಾದ ಬರೀ 1 ಅಥವಾ ಓಎಲ್ ತೋರಿಸಿದರೆ ಕಾಯಿಲು ಕಡಿದಿದೆ. ಹತ್ತಿರ ಹತ್ತಿರ ಸೊನ್ನೆ ತೋರಿಸಿದರೆ ಒಳಗೆ ಶಾರ್ಟ್. ಆಮೇಲೆ ಒಂದು ಹೀಟರ್ ಪಿನ್ನಿನಿಂದ ಸೆನ್ಸರ್‌ನ ಲೋಹದ ಮೈಗೆ, ಮತ್ತೆ ಸಿಗ್ನಲ್ ಪಿನ್ನಿಗೆ ಅಳೆಯಿರಿ. ಅಲ್ಲಿ ಯಾವ ಅಳತೆಯೂ ಬರಬಾರದು, ಬರೀ 1 ಅಥವಾ ಓಎಲ್ ಎಂದೇ ಇರಬೇಕು.

ಹಳೆಯ ಸೆನ್ಸರ್‌ನ ಹೀಟರ್ ಸರಿಯಿದೆ ಎಂದು ಈ ಅಳತೆ ಹೇಳಿದರೆ ದೋಷ ಮೊದಲಿನಿಂದಲೂ ಗಾಡಿಯ ಕಡೆಗೇ ಇತ್ತು ಎಂದಾಯಿತು. ಹೊಸದನ್ನೂ ಕಪ್ಲರ್ ಬಿಚ್ಚಿ ಇದೇ ರೀತಿ ಅಳೆಯಿರಿ. ಎರಡರ ಅಳತೆಯಲ್ಲಿ ದೊಡ್ಡ ಅಂತರ ಇದ್ದರೆ, ಉದಾಹರಣೆಗೆ ಹಳೆಯದು 13 ಓಮ್, ಹೊಸದು 5 ಓಮ್ ಇದ್ದರೆ, ನಿಮಗೆ ಹಾಕಿರುವುದು ಬೇರೆ ಗಾಡಿಯ ಸೆನ್ಸರ್. ಕಪ್ಲರ್ ಕೂತಿತು, ತಿರುಪಿನ ಮರೆ (ಥ್ರೆಡ್) ಹೊಂದಿತು ಎಂದ ಮಾತ್ರಕ್ಕೆ ಅದು ನಿಮ್ಮ ಗಾಡಿಯದಾಗುವುದಿಲ್ಲ. ಇಸಿಎಂ ಹೀಟರ್‌ನ ಕರೆಂಟನ್ನು ಲೆಕ್ಕ ಹಾಕುತ್ತದೆ, ಓಮ್ ಹೊಂದದಿದ್ದರೆ ಹೊಚ್ಚ ಹೊಸ ಸೆನ್ಸರ್ ಮೇಲೂ ಕೋಡ್ ಬರೆಯುತ್ತದೆ. ಅಂಗಡಿಯಲ್ಲಿ ಪಾರ್ಟ್ ನಂಬರ್ ಹೊಂದಿಸಿಯೇ ತರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಸೆನ್ಸರ್ ಸರಿಯಿದ್ದರೆ ಮುಂದಿನದು ಗಾಡಿಯ ಕಡೆಯ ಕಪ್ಲರ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಹೆಚ್ಚಿನವರು ದಾರಿ ತಪ್ಪುವುದು ಇಲ್ಲೇ.

ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ಮೀಟರ್ ಹಿಡಿದರೆ 12.4 ವೋಲ್ಟ್ ತೋರಿಸುತ್ತದೆ. ಸಪ್ಲೈ ಸರಿಯಿದೆ, ವೈರಿಂಗ್ ಸರಿಯಿದೆ, ಹಾಗಾದರೆ ಇಸಿಎಂ ಎಂದು ತೀರ್ಮಾನವಾಗಿಬಿಡುತ್ತದೆ. ಆದರೆ ಮೀಟರ್ ತಾನು ಅಳೆಯುವಾಗ ಕರೆಂಟನ್ನೇ ಎಳೆಯುವುದಿಲ್ಲ ಎನ್ನುವಷ್ಟು ಕಡಿಮೆ ಎಳೆಯುತ್ತದೆ. ವೈರಿನ ಒಂದೇ ಒಂದು ಎಳೆ ಉಳಿದಿದ್ದರೂ, ಪಿನ್ನಿನ ಮೇಲೆ ಹಸಿರು ಕಿಲುಬು ಕಟ್ಟಿದ್ದರೂ ಮೀಟರ್ ಪೂರ್ತಿ 12 ವೋಲ್ಟ್ ತೋರಿಸಬಲ್ಲದು. ಹೀಟರ್ ಬಂದು ಅಲ್ಲಿ ಒಂದೂವರೆ ಆಂಪಿಯರ್ ಎಳೆದ ಕ್ಷಣ ಆ ವೋಲ್ಟೇಜ್ ಕುಸಿಯುತ್ತದೆ. ಲೆಕ್ಕ ನೋಡಿ. ಎಂಜಿನ್ ಓಡುವಾಗ 13.5 ವೋಲ್ಟ್, ಹೀಟರ್ 9 ಓಮ್. ದಾರಿ ಚೊಕ್ಕಟವಿದ್ದರೆ 1.5 ಆಂಪಿಯರ್ ಹರಿದು ಸುಮಾರು 20 ವ್ಯಾಟ್ ಬಿಸಿ ಹುಟ್ಟುತ್ತದೆ. ಅದೇ ದಾರಿಯಲ್ಲಿ ಕಿಲುಬು 6 ಓಮ್ ಅಡ್ಡ ಹಾಕಿದರೆ ಕರೆಂಟ್ 0.9 ಆಂಪಿಯರ್‌ಗೆ ಇಳಿಯುತ್ತದೆ, ಹೀಟರ್‌ಗೆ ದಕ್ಕುವುದು 7 ವ್ಯಾಟ್ ಚಿಲ್ಲರೆ. ಮೂರರಲ್ಲಿ ಒಂದು ಪಾಲು. ಕಾಯಿಲು ಬಿಸಿಯಾದಂತೆ ಈ ಅಂಕಿಗಳು ಬದಲಾಗುತ್ತವೆ, ಆದರೆ ತಣ್ಣನೆಯ ಕ್ಷಣದ ಚಿತ್ರ ಇದು. ಇಸಿಎಂಗೆ ಇಷ್ಟು ಸಾಕು, ಕೋಡ್ ಬೀಳುತ್ತದೆ.

ಆದ್ದರಿಂದ ಬಲ್ಬಿನಿಂದ ಪರೀಕ್ಷಿಸಿ. ಇಂಡಿಕೇಟರ್‌ನ 21 ವ್ಯಾಟ್ ಬಲ್ಬಿಗೆ ಎರಡು ವೈರು ಬೆಸೆದು ಇಟ್ಟುಕೊಳ್ಳಿ, ಅದು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ, ಹೆಚ್ಚುಕಡಿಮೆ ಹೀಟರ್‌ನಷ್ಟೇ. ಗಾಡಿಯ ಕಡೆಯ ಕಪ್ಲರ್‌ನಲ್ಲಿ ಹೀಟರ್‌ನ ಎರಡು ಪಿನ್ನುಗಳಲ್ಲಿ ಒಂದಕ್ಕೆ ಪ್ಲಸ್ ಬರುತ್ತದೆ, ಯಾವುದು ಎಂದು ಮೊದಲು ಮೀಟರ್‌ನಿಂದ ಗುರುತಿಸಿ. ಕೆಲವು ಗಾಡಿಗಳಲ್ಲಿ ಕೀ ಆನ್ ಮಾಡಿದರೆ ಸಾಕು, ಕೆಲವದರಲ್ಲಿ ಎಂಜಿನ್ ಓಡುತ್ತಿದ್ದರೆ ಮಾತ್ರ ರಿಲೇ ಹಿಡಿದಿರುತ್ತದೆ. ಆ ಪ್ಲಸ್ ಪಿನ್ನಿಗೆ ಬಲ್ಬಿನ ಒಂದು ತುದಿ, ಇನ್ನೊಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಕೊಡಿ. ಬಲ್ಬು ಪ್ರಖರವಾಗಿ ಉರಿಯಬೇಕು. ಉರಿಯುತ್ತಿರುವಾಗಲೇ ಆ ಪಿನ್ನಿನಲ್ಲಿ ವೋಲ್ಟೇಜ್ ಅಳೆದರೆ ಅದಕ್ಕೂ ಬ್ಯಾಟರಿಯ ವೋಲ್ಟೇಜ್‌ಗೂ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರ ಇರಬಾರದು. ಬಲ್ಬು ಮಂಕಾಗಿದ್ದರೆ, ಇಲ್ಲವೇ ವೈರು ಅಲುಗಾಡಿಸಿದಾಗ ಕಣ್ಣು ಮಿಟುಕಿಸಿದರೆ, ನಿಮ್ಮ ದೋಷ ಸಿಕ್ಕಿತು. ಅಲ್ಲಿಂದ ಹಿಂದಕ್ಕೆ ಫ್ಯೂಸ್ ಬಾಕ್ಸ್‌ವರೆಗೆ ಹುಡುಕುತ್ತಾ ಹೋಗುವುದಷ್ಟೇ ಬಾಕಿ.

ಬಲ್ಬು ಉರಿಯಲೇ ಇಲ್ಲ ಎಂದರೆ ಫ್ಯೂಸ್ ನೋಡಿ. ಎಷ್ಟೋ ಗಾಡಿಗಳಲ್ಲಿ ಎರಡೂ ಸೆನ್ಸರ್‌ಗಳ ಹೀಟರ್‌ಗೆ ಒಂದೇ ಫ್ಯೂಸ್, ಅದು ಹೋದರೆ ಪಿ0135 ಮತ್ತು ಪಿ0141 ಒಟ್ಟಿಗೇ ಬರುತ್ತವೆ. ನಿಮ್ಮಲ್ಲಿ ಒಂದೇ ಬಂದಿರುವುದರಿಂದ ಫ್ಯೂಸ್ ಮೇಲೆ ನನಗೆ ಅಷ್ಟು ಅನುಮಾನ ಇಲ್ಲ, ಆದರೂ ನೋಡುವುದಕ್ಕೆ ಒಂದು ನಿಮಿಷ ಸಾಕು. ಫ್ಯೂಸ್ ಸುಟ್ಟಿದ್ದರೆ ಅದೇ ಆಂಪಿಯರ್‌ನದನ್ನೇ ಹಾಕಿ. ಮತ್ತೆ ಸುಟ್ಟರೆ ಎಲ್ಲೋ ವೈರು ಸೈಲೆನ್ಸರ್ ಪೈಪಿಗೆ ತಾಗಿ ಮೈ ಕರಗಿ ಬಾಡಿಗೆ ಅಂಟಿದೆ ಎಂದರ್ಥ. 15ರ ಜಾಗಕ್ಕೆ 25 ಹಾಕಿದರೆ ಫ್ಯೂಸ್ ಉಳಿಯುತ್ತದೆ, ವೈರಿಂಗ್ ಹೊತ್ತಿಕೊಳ್ಳುತ್ತದೆ. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ.

ಪ್ಲಸ್ ಸರಿಯಿದ್ದರೆ ಇನ್ನುಳಿದದ್ದು ಇಸಿಎಂ ಕಡೆಯ ವೈರು. ಇಲ್ಲಿ 21 ವ್ಯಾಟ್ ಬಲ್ಬು ಬೇಡ, ಪಾರ್ಕಿಂಗ್ ಲೈಟಿನ 5 ವ್ಯಾಟ್ ಬಲ್ಬು ತೆಗೆದುಕೊಳ್ಳಿ. ದೊಡ್ಡ ಬಲ್ಬಿನ ತಣ್ಣನೆಯ ತಂತಿ ಮೊದಲ ಕ್ಷಣದಲ್ಲಿ ಹಲವು ಪಟ್ಟು ಕರೆಂಟ್ ಎಳೆದು ಇಸಿಎಂನ ಟ್ರಾನ್ಸಿಸ್ಟರ್‌ಗೆ ಹೊರೆಯಾಗಬಹುದು. ಮೊದಲು ಸ್ಕ್ಯಾನರ್‌ನಿಂದ ಕೋಡ್ ಅಳಿಸಿ. ಇದು ಮುಖ್ಯ, ಏಕೆಂದರೆ ಕೋಡ್ ಇದ್ದಾಗ ಕೆಲವು ಇಸಿಎಂಗಳು ಹೀಟರನ್ನು ಆಡಿಸುವುದನ್ನೇ ನಿಲ್ಲಿಸುತ್ತವೆ, ಆಗ ಸರಿಯಿರುವ ಇಸಿಎಂ ಸತ್ತಂತೆ ಕಾಣುತ್ತದೆ. ಬಲ್ಬಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಕಪ್ಲರ್‌ನಲ್ಲಿರುವ ಕಂಟ್ರೋಲ್ ಪಿನ್ನಿಗೆ. ಬಲ್ಬಿಲ್ಲದೆ ನೇರವಾಗಿ ಪ್ಲಸ್ ಕೊಟ್ಟರೆ ನೀವೇ ಇಸಿಎಂ ಸುಟ್ಟಂತಾಗುತ್ತದೆ, ಎಚ್ಚರ. ಸಿಗ್ನಲ್ ಪಿನ್ನುಗಳಿಗಂತೂ ಬಲ್ಬು ತಾಗಿಸಲೇಬೇಡಿ. ಈಗ ಎಂಜಿನ್ ಸ್ಟಾರ್ಟ್ ಮಾಡಿ ಕಾಯಿರಿ. ಬಲ್ಬು ಮಿಟುಕಿದರೆ ಅಥವಾ ಮಂದವಾಗಿ ಉರಿದರೆ ಇಸಿಎಂ ತನ್ನ ಕೆಲಸ ಮಾಡುತ್ತಿದೆ, ವೈರೂ ಸರಿಯಿದೆ. ತಕ್ಷಣ ಉರಿಯಲಿಲ್ಲ ಎಂದು ಗಾಬರಿ ಬೇಡ. ತಣ್ಣನೆಯ ಪೈಪಿನಲ್ಲಿ ನೀರಿನ ಹನಿಗಳಿರುತ್ತವೆ, ಕಾದ ಸೆರಾಮಿಕ್ ಮೇಲೆ ಒಂದು ಹನಿ ಬಿದ್ದರೂ ಅದು ಬಿರಿಯುತ್ತದೆ. ಅದಕ್ಕಾಗಿ ಪೈಪು ಒಣಗುವವರೆಗೆ ಹೀಟರನ್ನು ಪೂರ್ತಿ ಜೋರಿನಲ್ಲಿ ಓಡಿಸದೆ ತಡೆದಿಡುವ ಇಸಿಎಂಗಳಿವೆ. ಕೆಲವು ನಿಮಿಷ ಸಮಯ ಕೊಡಿ.

ಏನೂ ಆಗದಿದ್ದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಇಸಿಎಂ ಕಪ್ಲರ್ ತೆಗೆದು, ವೈರಿಂಗ್ ನಕ್ಷೆ ನೋಡಿ ಆ ವೈರಿನ ಎರಡು ತುದಿಗಳ ನಡುವೆ ಅಳೆಯಬೇಕು. 1 ಓಮ್‌ಗಿಂತ ಕಡಿಮೆ ಬರಬೇಕು, ಬಾಡಿಗೆ ಏನೂ ತೋರಿಸಬಾರದು, ಅಳೆಯುತ್ತಿರುವಾಗ ಯಾರಾದರೂ ವೈರಿಂಗ್ ಉದ್ದಕ್ಕೂ ಅಲುಗಾಡಿಸಬೇಕು. ಇಷ್ಟು ಕೆಲಸಕ್ಕೆ ನಿಮಗೆ ಧೈರ್ಯ ಬರದಿದ್ದರೆ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ, ಸೆನ್ಸರ್ ಮಾರುವವರ ಹತ್ತಿರ ಅಲ್ಲ. ಪ್ಲಸ್ ಸರಿ, ಹೀಟರ್‌ನ ಓಮ್ ಸರಿ, ಕಂಟ್ರೋಲ್ ವೈರು ಸರಿ, ಇಸಿಎಂನ ಅರ್ತ್ ಪಾಯಿಂಟುಗಳು ಬಿಗಿಯಾಗಿವೆ, ಕೋಡ್ ಅಳಿಸಿದ ಮೇಲೂ ಇಸಿಎಂ ಆ ಪಿನ್ನನ್ನು ಅರ್ತ್‌ಗೆ ತಾಗಿಸುತ್ತಿಲ್ಲ. ಈ ಐದೂ ಕಾಗದದ ಮೇಲೆ ಅಂಕಿಸಹಿತ ಬಂದಾಗ ಮಾತ್ರ ಇಸಿಎಂ ಕೆಟ್ಟಿದೆ ಎಂಬ ಮಾತು ನಿಲ್ಲುತ್ತದೆ. ಆಗಲೂ ಬೋರ್ಡ್ ರಿಪೇರಿ ಮಾಡುವವರಿಗೆ ಒಮ್ಮೆ ತೋರಿಸಿ, ಹೋಗಿರುವುದು ಒಂದು ಟ್ರಾನ್ಸಿಸ್ಟರ್ ಮಾತ್ರ ಆಗಿರಬಹುದು.

ನನ್ನನ್ನು ಕೇಳಿದರೆ ನಿಮ್ಮ ಗಾಡಿಯಲ್ಲಿ ದೋಷ ಇರುವುದು ಕಪ್ಲರ್‌ನಲ್ಲಿ, ಇಲ್ಲವೇ ಅದರಿಂದ ಒಂದು ಅಡಿಯೊಳಗಿನ ವೈರಿನಲ್ಲಿ. ಮಳೆ ಹಿಡಿದ ಮೇಲೆ ಶುರುವಾಗಿದೆ, ಒಂದೇ ಕೋಡ್ ಇದೆ, ಸೆನ್ಸರ್ ಬದಲಾದರೂ ಹೋಗಿಲ್ಲ. ಕಪ್ಲರನ್ನು ಬೆಳಕಿಗೆ ಹಿಡಿದು ನೋಡಿ. ಒಳಗಿನ ರಬ್ಬರ್ ಸೀಲ್ ಇದೆಯೇ, ಪಿನ್ ಹಸಿರಾಗಿದೆಯೇ, ಹೆಣ್ಣು ಪಿನ್ನಿನ ಬಾಯಿ ಅಗಲವಾಗಿ ಸಡಿಲಗೊಂಡಿದೆಯೇ? ಕಪ್ಲರನ್ನು ಹಿಡಿದಿಡುವ ಕ್ಲಿಪ್ ಮುರಿದು ವೈರು ಜೋತಾಡುತ್ತಿದೆಯೇ? ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕುವ ಇಲಿಗಳಿಗೆ ಎಂಜಿನ್ ಬೇ ತುಂಬ ಇಷ್ಟ. ಕೊಟ್ಟಿಗೆಯ ಪಕ್ಕ, ಅಡಿಕೆ ಚಪ್ಪರದ ಕೆಳಗೆ ನಿಲ್ಲಿಸುವ ಗಾಡಿಯಾದರೆ ವೈರಿನ ಸುತ್ತಿನ ಸ್ಲೀವ್ ಬಿಚ್ಚಿ ಹಲ್ಲಿನ ಗುರುತು ಹುಡುಕಿ. ಹೊರಗಿನ ಸ್ಲೀವ್ ನೆಟ್ಟಗಿದ್ದು ಒಳಗಿನ ವೈರು ಕಡಿದಿರುವುದುಂಟು.

ಕಿಲುಬಿದ್ದರೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಸಣ್ಣ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಲು ಬಿಡಿ. ಪೆಟ್ರೋಲ್, ಡೀಸೆಲ್, ತುಕ್ಕು ಬಿಡಿಸುವ ಸ್ಪ್ರೇ, ಗ್ರೀಸ್ ಯಾವುದನ್ನೂ ಈ ಕಪ್ಲರ್‌ಗೆ ಹಾಕಬೇಡಿ. ಮೊದಲೇ ಹೇಳಿದ ಹೊರಗಿನ ಗಾಳಿ ಬಹಳಷ್ಟು ಸೆನ್ಸರ್‌ಗಳಲ್ಲಿ ವೈರಿನ ಎಳೆಗಳ ಸಂದಿಯಿಂದಲೇ ಒಳಗೆ ಹೋಗುತ್ತದೆ. ಅಲ್ಲಿ ಎಣ್ಣೆಯ ಆವಿ ಸೇರಿದರೆ, ಮೇಣ ತುಂಬಿದರೆ ಸೆನ್ಸರ್ ತಪ್ಪು ಹೇಳಲು ಶುರು ಮಾಡುತ್ತದೆ. ಸೆನ್ಸರ್ ಕಡೆಯ ವೈರನ್ನು ಬೆಸುಗೆ ಹಾಕಬಾರದು ಎನ್ನುವುದಕ್ಕೂ ಇದೇ ಕಾರಣ. ಗಾಡಿಯ ಕಡೆ ತುಂಡಾದ ವೈರನ್ನು ಅದೇ ದಪ್ಪದ ವೈರಿನಿಂದ, ಕ್ರಿಂಪ್ ಸ್ಲೀವ್ ಒತ್ತಿ, ಮೇಲೆ ಬಿಸಿಗೆ ಕುಗ್ಗುವ ಟ್ಯೂಬ್ ಹಾಕಿ ಜೋಡಿಸಿ. ತಿರುಚಿ ಟೇಪ್ ಸುತ್ತಿದ ಜೋಡಣೆ ಒಂದು ಮಳೆಗಾಲ ಬಾಳುವುದಿಲ್ಲ. ಸಡಿಲ ಪಿನ್ನಿಗೆ ಪಿನ್ ಬದಲಾಯಿಸುವುದೇ ಸರಿಯಾದ ಪರಿಹಾರ. ಕೊನೆಗೆ ವೈರನ್ನು ಸೈಲೆನ್ಸರ್‌ನಿಂದ ದೂರ ಎಳೆದು ಕ್ಲಿಪ್ ಹಾಕಿ ಬಿಗಿಯಿರಿ.

ಸೆನ್ಸರನ್ನೇ ಬದಲಾಯಿಸಬೇಕಾಗಿ ಬಂದರೆ, ಎಂಜಿನ್ ಉಗುರುಬೆಚ್ಚಗಿರುವಾಗ 22ರ ಪಾನಾದಿಂದ, ಸಾಧ್ಯವಾದರೆ ವೈರಿಗೆ ಸೀಳು ಬಿಟ್ಟಿರುವ ಸೆನ್ಸರ್ ಸಾಕೆಟ್‌ನಿಂದ ಬಿಚ್ಚಬೇಕು. ಬಿಗಿಯಾಗಿದ್ದರೆ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಆಡಿಸುತ್ತಾ ಬಿಡಿಸಬೇಕು, ಒಂದೇ ಸಲ ಎಳೆದರೆ ಮರೆ ಕಿತ್ತು ಬರುತ್ತದೆ. ಹೊಸದರ ಮರೆಗೆ ಕಂಪನಿಯೇ ಪೇಸ್ಟ್ ಹಚ್ಚಿರುತ್ತದೆ, ಅದರ ಮೇಲೆ ಮತ್ತೇನೂ ಬೇಡ, ತುದಿಗಂತೂ ಏನೂ ತಾಗಬಾರದು. ಬಿಗಿಯುವ ಬಲ ಸಾಮಾನ್ಯವಾಗಿ 40ರಿಂದ 60 ನ್ಯೂಟನ್ ಮೀಟರ್, ನಿಖರ ಅಂಕಿಗೆ ಮ್ಯಾನ್ಯುಯಲ್ ನೋಡಿ. ಕೈಜಾರಿ ಗಟ್ಟಿ ನೆಲಕ್ಕೆ ಬಿದ್ದ ಸೆನ್ಸರ್ ಹಾಕಲು ಒಪ್ಪಬೇಡಿ, ಸೆರಾಮಿಕ್ ಒಳಗೇ ಬಿರಿದಿರಬಹುದು. ಕಾದ ಸೆನ್ಸರ್ ಮೇಲೆ ತಣ್ಣೀರು ರಾಚಿದರೂ ಅದೇ ಗತಿ. ತುಂಬಿ ಹರಿಯುವ ರಸ್ತೆಯಲ್ಲಿ ಜೋರಾಗಿ ನುಗ್ಗಿಸುವವರ ಗಾಡಿಯಲ್ಲಿ ಹೀಟರ್ ನಿಜವಾಗಿ ಸಾಯುವುದು ಹೀಗೆ.

ರಿಪೇರಿ ಆದ ಮೇಲೆ ಕೋಡ್ ಅಳಿಸಿ, ಗಾಡಿಯನ್ನು ರಾತ್ರಿಯಿಡೀ ತಣ್ಣಗೆ ಬಿಟ್ಟು ಬೆಳಿಗ್ಗೆ ಸ್ಟಾರ್ಟ್ ಮಾಡಿ. ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಮೊದಲ ಸೆನ್ಸರ್‌ನ ವೋಲ್ಟೇಜ್ ನೋಡುತ್ತಿರಿ. ಹೀಟರ್ ಓಡುತ್ತಿದ್ದರೆ ಎಂಜಿನ್ ಬಿಸಿಯಾಗುವ ಬಹಳ ಮೊದಲೇ ಆ ಅಂಕಿ 0.1 ಮತ್ತು 0.9ರ ನಡುವೆ ಓಡಾಡಲು ಶುರು ಮಾಡುತ್ತದೆ. ಮರುದಿನ ಮತ್ತೆ ತಣ್ಣನೆಯ ಸ್ಟಾರ್ಟ್ ಮಾಡಿ ಪೆಂಡಿಂಗ್ ಕೋಡ್ ನೋಡಿ. ಇಸಿಎಂ ತಾನೇ ಮಾಡಿಕೊಳ್ಳುವ ಪರೀಕ್ಷೆಗಳನ್ನು ತೋರಿಸುವ ರೆಡಿನೆಸ್ ಪಟ್ಟಿಯಲ್ಲಿ ಆಕ್ಸಿಜನ್ ಸೆನ್ಸರ್ ಹೀಟರ್ ಎಂಬ ಸಾಲು ಪೂರ್ಣ ಎಂದು ತೋರಿಸಿ, ಪೆಂಡಿಂಗ್ ಖಾಲಿಯಿದ್ದರೆ ಕೆಲಸ ಮುಗಿಯಿತು.

ಇನ್ನೊಂದು ಸಲಹೆ ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ಹೀಟರ್ ವೈರುಗಳ ನಡುವೆ 10 ಓಮ್‌ನ ಒಂದು ರೆಸಿಸ್ಟರ್ ಹಾಕಿದರೆ ಇಸಿಎಂ ಸುಮ್ಮನಾಗುತ್ತದೆ ಎನ್ನುತ್ತಾರೆ. ಕೆಲವು ಗಾಡಿಗಳಲ್ಲಿ ಲೈಟ್ ಆರುವುದೂ ಹೌದು. ಆದರೆ ಸೆನ್ಸರ್ ತಣ್ಣಗೇ ಉಳಿಯುತ್ತದೆ, ಪೆಟ್ರೋಲ್ ಖರ್ಚು ಹಾಗೇ ಇರುತ್ತದೆ, ಹಸಿ ಹೊಗೆ ಕನ್ವರ್ಟರನ್ನು ನಿಧಾನವಾಗಿ ತಿನ್ನುತ್ತದೆ, ಮತ್ತು ಸೆನ್ಸರ್ ಒಳಗೆ ಹುಟ್ಟಬೇಕಾದ ಹತ್ತಿಪ್ಪತ್ತು ವ್ಯಾಟ್ ಬಿಸಿ ಬಾನೆಟ್ ಕೆಳಗೆ ವೈರುಗಳ ಪಕ್ಕದಲ್ಲಿ ಹುಟ್ಟುತ್ತದೆ. ಅದನ್ನು ಯಾರಿಗೂ ಹಾಕಲು ಬಿಡಬೇಡಿ.